ರೇಡಿಯೋದ ನಗೆಗಾರನೂ ನಮ್ಮ ಸೋದರಮಾವನೂ

ನಮ್ಮ ಸೋದರಮಾವ ಆಯುಷ್ಯದಲ್ಲಿ ದ್ವೇಷಿಸಿದ್ದು ಒಬ್ಬನನ್ನೇ. ಅದೂ ಮುಖವನ್ನೇ ನೋಡದವನನ್ನು! ಶನಿವಾರ ರಾತ್ರಿ ರೇಡಿಯೋದಲ್ಲಿ ಬರುತ್ತಿದ್ದ ನಗೆ ಕಾರ್ಯಕ್ರಮವನ್ನು ನಡೆಸಿಕೊಡುವವನೇ ಆ ಶತ್ರು. ಅವನ ಜೋಕಿಗೆ ಮೊದಲು ಅವನೇ ನಗುತ್ತಿದ್ದ. ಕೇಳುವವರು ತಡಮಾಡಿದರೋ ಎಂಬ ಅನುಮಾನಕ್ಕೆ ಇನ್ನೊಮ್ಮೆ ನಗುತ್ತಿದ್ದ. ಹೆಂಡತಿಯ ಅಡಿಗೆ, ಅತ್ತೆಯ ಗಾತ್ರ, ಹಳ್ಳಿಯವನ ಪೆದ್ದುತನ ಬಿಟ್ಟರೆ ಅವನಿಗೆ ಪ್ರಪಂಚದಲ್ಲಿ ಬೇರೇನೂ ಕಂಡಿರಲಿಲ್ಲ.

ಹಾಗಿದ್ದರೆ ರೇಡಿಯೋ ಆರಿಸಬಹುದಿತ್ತಲ್ಲ? ಅಗರದ ಶಾಲೆಗೆ ಮೇಷ್ಟರಾಗಿ ಬಂದು ಮಾವನ ಮನೆಯಲ್ಲೇ ಉಳಿದಿದ್ದ ನಾನೂ ಹಾಗೇ ಕೇಳಿದೆ.

"ನಾನೂ ಕೇಳ್ದೆ ಬುಟ್ಬುಟ್ರೆ ಅವ್ನ ತಪ್ಪ ಇಡ್ಯೋರು ಯಾರ್ಲಾ?" ಎಂದರು.

ಒಮ್ಮೆ ಆ ಮಹಾಶಯ ಯಾವುದೋ ಸಂಘದ ವಾರ್ಷಿಕೋತ್ಸವಕ್ಕೆ ಕೊಳ್ಳೇಗಾಲಕ್ಕೇ ಬಂದ. ಮಾವ ರೇಷ್ಮೆಹುಳುವಿಗೆ ಸೊಪ್ಪು ಹಾಕುವ ಕೆಲಸವನ್ನು ಅತ್ತೆಗೆ ಬಿಟ್ಟು, ನನ್ನನ್ನೂ ಬಸ್ಸು ಹತ್ತಿಸಿ ಕರೆದೊಯ್ದು, ಮೊದಲ ಸಾಲಿನಲ್ಲೇ ತೋಳು ಕಟ್ಟಿ ಕೂತರು. ತಪ್ಪಿಯೂ ನಗು ಬರಬಾರದೆಂದು ಬಾಯಿತುಂಬ ಎಲೆಅಡಿಕೆ! ನಗೆಗಾರನ ಕಣ್ಣು ಅವರ ಮೇಲೆ ಬಿತ್ತು. ಈ ಯಜಮಾನರು ನಗುವುದಕ್ಕೆ ಹೆಂಡತಿಯ ಅಪ್ಪಣೆ ತಂದಿಲ್ಲವೇನೋ ಎಂದ. ಸಭೆ ಹೋ ಎಂದಿತು. ಮಾವ ಎದ್ದು ಹೊರಗೆ ಹೋಗಿ ಉಗುಳಿ ಬಂದು, ನಿಧಾನವಾಗಿ ಹೇಳಿದರು:

"ಅಪ್ಣೆ ತಂದಿವ್ನಿ ಸಾ. ನೀವೇ ಜೋಕ್ ತರದ್ನ ಮರ್ತು ಬಂದಿರೋದು."

ಸಭೆ ಇಮ್ಮಡಿ ನಕ್ಕಿತು. ಅವನೊಬ್ಬ ನಗಲಿಲ್ಲ. ಮಾವನಿಗೆ ಗೆದ್ದ ಸಂತೋಷವಿರಬೇಕಲ್ಲವೇ? ಇಲ್ಲ! ತನ್ನ ಹಳಸಲಿಗೆ ಅಷ್ಟು ನಗುವವನು ನನ್ನದಕ್ಕೆ ಒಂದು ಸಲ ನಗಬಾರದಿತ್ತೇ ಎಂದು ಊರು ಬರುವವರೆಗೂ ಗೊಣಗಿದರು.

ಮರುವರ್ಷ ಜ್ವರದಲ್ಲಿ ಮಲಗಿದ್ದ ಅತ್ತೆ ಎದ್ದಾಗ ಅವರ ಕಿವಿ ಮಂದವಾಗಿತ್ತು. ಆ ಕಾರ್ಯಕ್ರಮಕ್ಕೆ ಮನೆಯಲ್ಲಿ ಮನಸಾರೆ ನಗುತ್ತಿದ್ದವರು ಅವರೊಬ್ಬರೇ. ಅಂದಿನಿಂದ ಶನಿವಾರ ಬಂತೆಂದರೆ ಮಾವ ಅತ್ತೆಯ ಕಿವಿಗೆ ಬಾಯಿಟ್ಟು, ಕಷಾಯ ಕುಡಿದ ಮುಖದಲ್ಲಿ ಅವನ ಒಂದೊಂದು ಜೋಕನ್ನೂ ಕೂಗಿ ಹೇಳುತ್ತಿದ್ದರು.

ಒಂದು ಶನಿವಾರ ರೇಡಿಯೋದ ಬ್ಯಾಟರಿ ಮುಗಿದುಹೋಯಿತು. ಇವತ್ತು ಏನೂ ಇಲ್ಲವೆಂದು ಅತ್ತೆಗೆ ಸನ್ನೆ ಮಾಡಲು ಹೊರಟ ನನ್ನ ಕೈಯನ್ನು ಮಾವ ಹಿಡಿದು ಕೂರಿಸಿದರು. ಸತ್ತ ಪೆಟ್ಟಿಗೆಯ ಮುಂದೆ ತಲೆ ಬಗ್ಗಿಸಿ ಗಮನವಿಟ್ಟು ಕೇಳಿದಂತೆ ಮಾಡಿದರು. ಆಮೇಲೆ ಅತ್ತೆಯ ಕಡೆ ಬಾಗಿ, ಹೂಗ್ಯಂನಿಂದ ಹೊರಟ ಒಬ್ಬ ಮುದುಕ ಬಸ್ಸಿನಲ್ಲಿ ಪಟ್ಟ ಪಾಡನ್ನು ಹೇಳತೊಡಗಿದರು. ಅಂಥ ಕಥೆಯನ್ನು ಯಾವ ರೇಡಿಯೋದಲ್ಲೂ ನಾನು ಕೇಳಿರಲಿಲ್ಲ. ಅತ್ತೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇವತ್ತು ಬಾಳ ಸಂದಾಗೇಳ್ದ ಕಣ್ರಿ ಅವ್ನು" ಎಂದರು.

ಮಾವ ಮತ್ತೆ ಅವರ ಕಿವಿಗೆ ಬಾಗಿದರು.

"ಊಂ ಕಣಮ್ಮಿ" ಎಂದು ಕೂಗಿದರು, "ಅವ ಅಂತಾ ಕೆಟ್ಟೋನೇನಲ್ಲ."