ಏಕಸ್ವಾಮ್ಯ ಭಂಗ ಪ್ರಸಂಗ

ನಾನು ಅರ್ಥಶಾಸ್ತ್ರದ ಅಧ್ಯಾಪಕ. ದೇಶದ ದುಡ್ಡು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಆದರೆ ನನ್ನ ಕಾಲುಚೀಲದ ಜೋಡಿ ಎಲ್ಲಿಗೆ ಹೋಯಿತು ಎಂದು ಕಣ್ಣು ಬಿಟ್ಟುಕೊಂಡೂ ಹೇಳಲಾರೆ. ಅದನ್ನು ಹೇಳಬಲ್ಲವಳು ನಮ್ಮ ಮನೆಯಲ್ಲಿ ಒಬ್ಬಳೇ. ("ಒಬ್ಬಳೇ" ಎಂಬ ಪದದ ಮೇಲೆ ದಯವಿಟ್ಟು ಗಮನವಿರಲಿ. ನನ್ನ ಕಷ್ಟವೆಲ್ಲ ಅದರೊಳಗೇ ಇದೆ.)

ತರಗತಿಯಲ್ಲಿ ಏಕಸ್ವಾಮ್ಯದ ಪಾಠ ನಡೆಯುತ್ತಿತ್ತು. "ಏಕಸ್ವಾಮ್ಯಕ್ಕೆ ಒಂದು ಉದಾಹರಣೆ ಕೊಡಿ" ಎಂದೆ. ಹಿಂದಿನ ಬೆಂಚಿನವನೊಬ್ಬ ಎದ್ದು, "ಕ್ಯಾಂಟೀನಲ್ಲಿ ಕಿಟಕಿ ಪಕ್ಕದ ಮೇಜು ಸಾರ್. ಅದು ಸೀನಿಯರ್‌ಗಳ ಮಾನಾಪಲಿ" ಎಂದ.

"ಅದು ಮಾನಾಪಲಿ ಅಲ್ಲಪ್ಪಾ, ದಬ್ಬಾಳಿಕೆ" ಎಂದೆ. ಮಾತಿನಲ್ಲಿ ನಾವು ಯಾರು ಯಾವುದನ್ನು ಗಟ್ಟಿಯಾಗಿ ಹಿಡಿದುಕೊಂಡರೂ ಏಕಸ್ವಾಮ್ಯ ಎಂದುಬಿಡುತ್ತೇವೆ. ಅಜ್ಜ ದಿನಪತ್ರಿಕೆ ಬಿಡದಿದ್ದರೆ ಏಕಸ್ವಾಮ್ಯ, ಮಗು ಉಯ್ಯಾಲೆ ಬಿಡದಿದ್ದರೆ ಏಕಸ್ವಾಮ್ಯ. ಶಾಸ್ತ್ರ ಅಷ್ಟು ಸಡಿಲವಲ್ಲ. ಮಾರುವವರು ಒಬ್ಬರೇ ಇರಬೇಕು. ಅವರು ಮಾರುವ ಸರಕಿಗೆ ಹತ್ತಿರದ ಬದಲಿ ಇರಬಾರದು. ಬೇರೆಯವರು ಆ ವ್ಯಾಪಾರಕ್ಕೆ ಕಾಲಿಡಲು ಆಗಬಾರದು. ಆಗ ಬೆಲೆ ಅವರು ಹೇಳಿದಷ್ಟು. ಕ್ಯಾಂಟೀನಿನಲ್ಲಿ ಬೇರೆ ಮೇಜುಗಳಿವೆ, ಮರದ ನೆರಳಿದೆ, ನಿಂತುಕೊಂಡೂ ತಿನ್ನಬಹುದು. ಬದಲಿ ಇರುವ ಕಡೆ ಏಕಸ್ವಾಮ್ಯ ಎಲ್ಲಿಂದ ಬಂತು?

"ಹಾಗಾದ್ರೆ ನಿಜವಾದ ಉದಾಹರಣೆ ಯಾವುದು ಸಾರ್?" ಎಂದಳು ಮುಂದಿನ ಬೆಂಚಿನ ಹುಡುಗಿ.

ಥಟ್ಟನೆ ನನ್ನ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಅದನ್ನು ಬದಿಗಿಟ್ಟು ರೈಲಿನ ಉದಾಹರಣೆ ಕೊಟ್ಟೆ.

ನನ್ನ ಹೆಂಡತಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. (ಅಲ್ಲಿ ಊರವರ ರಕ್ತ ತೆಗೆಯುತ್ತಾಳೆ, ಮನೆಯಲ್ಲಿ ನನ್ನದು ಹೀರುತ್ತಾಳೆ ಎಂದು ಬರೆಯಬಹುದಿತ್ತು. ಆದರೆ ಇದನ್ನು ಅವಳೂ ಓದುತ್ತಾಳೆ.) ಮನೆಗೆ ಬಂದ ಮೇಲೆ ಅವಳದು ಇನ್ನೊಂದು ವ್ಯಾಪಾರ. ಸರಕಿನ ಹೆಸರು: "ಎಲ್ಲಿದೆ?" ಎಂಬುದರ ಉತ್ತರ. ಕತ್ತರಿ ಎಲ್ಲಿದೆ, ಛತ್ರಿ ಎಲ್ಲಿದೆ, ದಾರದ ಉಂಡೆ ಎಲ್ಲಿದೆ, ಜ್ವರ ನೋಡುವ ಕಡ್ಡಿ ಎಲ್ಲಿದೆ, ಎಲ್ಲವೂ ಅವಳೊಬ್ಬಳಿಗೇ ಗೊತ್ತು. ಬೆಲೆಯನ್ನು ರೂಪಾಯಿಯಲ್ಲಿ ತೆಗೆದುಕೊಳ್ಳುವುದಿಲ್ಲ, ಮರ್ಯಾದೆಯಲ್ಲಿ ತೆಗೆದುಕೊಳ್ಳುತ್ತಾಳೆ. ಅದರಲ್ಲೂ ಶುದ್ಧ ಬೆಲೆ ತಾರತಮ್ಯ! ನನ್ನ ತಾಯಿ ಕೇಳಿದರೆ, "ಇಲ್ಲೇ ಇದೆ ಅತ್ತೆ, ಕೊಡ್ತೀನಿ ಕೂತ್ಕೊಳ್ಳಿ" ಎಂದು ಉಚಿತ ವಿತರಣೆ. ಮಗಳು ಕೇಳಿದರೆ, "ಸ್ವಲ್ಪ ಹುಡುಕು, ಕೈ ಸವೆದು ಹೋಗಲ್ಲ" ಎಂದು ರಿಯಾಯಿತಿ ದರ. ನಾನು ಕೇಳಿದರೆ ಪೂರ್ತಿ ಬೆಲೆ, ಮೇಲೆ ತೆರಿಗೆ.

"ಕತ್ತರಿ ಎಲ್ಲಿದೆ ಮಾರಾಯ್ತಿ?" ಎಂದು ಒಂದು ದಿನ ಕೇಳಿದೆ.

"ನಿಮ್ಮ ಮೂಗಿನ ಮುಂದೆ."

"ಮೂಗಿನ ಮುಂದೆ ಮೀಸೆ ಬಿಟ್ಟು ಬೇರೇನೂ ಕಾಣ್ತಿಲ್ಲ."

"ಕಾಲೇಜಲ್ಲಿ ಅಷ್ಟೊಂದು ಮಕ್ಕಳಿಗೆ ಪಾಠ ಹೇಳ್ತೀರಿ, ಒಂದು ಡ್ರಾಯರ್ ಎಳೆಯೋಕೆ ಬರಲ್ವಾ? ಅದೇನು ಓದಿದೀರೋ!" ಎನ್ನುತ್ತ ಬಂದು, ನಾನು ಆಗತಾನೆ ಹುಡುಕಿ ಮುಚ್ಚಿದ್ದ ಡ್ರಾಯರಿನಿಂದಲೇ ಕತ್ತರಿ ತೆಗೆದು ಕೈಗಿಟ್ಟಳು. ಜಾದೂಗಾರರಿಗೂ ಈ ಪಾಟಿ ಕೈಚಳಕ ಇರುವುದಿಲ್ಲ. ಮಗಳು ಕಿಸಕ್ಕನೆ ನಕ್ಕಳು. ನನ್ನ ತಾಯಿಯೂ ನಕ್ಕರು.

ಆವತ್ತೇ ನಿರ್ಧರಿಸಿದೆ: ಈ ಏಕಸ್ವಾಮ್ಯವನ್ನು ಮುರಿಯಬೇಕು.

ಅವಕಾಶ ತಾನಾಗಿಯೇ ಬಂತು. ಹೊಸ ಯಂತ್ರವೊಂದರ ತರಬೇತಿಗೆಂದು ಆಸ್ಪತ್ರೆಯವರು ಅವಳನ್ನು ಕೆಲವು ದಿನ ಬೇರೆ ಊರಿಗೆ ಕಳಿಸಿದರು. ಬಸ್ಸು ಹತ್ತಿಸಿ ಬಂದವನೇ ತೋಳು ಮಡಿಸಿ ಕುರ್ಚಿ ಹತ್ತಿದೆ. ನನ್ನ ಯೋಜನೆ ಸರಳವಾಗಿತ್ತು. ಮನೆಯ ಸಮಸ್ತ ವಸ್ತುಗಳನ್ನೂ ಈಗಿರುವ ಜಾಗದಿಂದ ಎತ್ತಿ, ಶಾಸ್ತ್ರೀಯವಾಗಿ ವಿಂಗಡಿಸಿ, ಹೊಸ ಜಾಗದಲ್ಲಿ ಇಡುವುದು. ತರ್ಕ ಗೊತ್ತಿದ್ದವರಿಗೆ ವಸ್ತು ತಾನಾಗಿ ಸಿಗಬೇಕು.

"ಬೇಡ ಕಣೋ" ಎಂದರು ಅಮ್ಮ. "ಅವಳು ಬಂದ ಮೇಲೆ ನಿನ್ನನ್ನೂ ವಿಂಗಡಣೆ ಮಾಡಿ ಎಲ್ಲಾದ್ರೂ ಇಟ್ಟುಬಿಡ್ತಾಳೆ."

"ನೀವು ಸುಮ್ಮನೆ ನೋಡ್ತಿರಿ ಅಮ್ಮ. ಇದು ವಿಜ್ಞಾನ."

ಕತ್ತರಿಸುವ ವಸ್ತುಗಳೆಲ್ಲ ಒಂದು ಕಡೆ: ಚಾಕು, ಕತ್ತರಿ, ಗರಗಸ, ಉಗುರು ಕತ್ತರಿಸುವ ಸಾಧನ. ಗುಡಿಸಿ ಓರಣ ಮಾಡುವ ವಸ್ತುಗಳು ಇನ್ನೊಂದು ಕಡೆ: ಪೊರಕೆ, ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು. (ಈ ಕೊನೆಯದರ ಬಗ್ಗೆ ಮಗಳು ತೀವ್ರವಾಗಿ ಪ್ರತಿಭಟಿಸಿದ್ದರಿಂದ ತಿದ್ದುಪಡಿ ತರಲಾಯಿತು.) ಬೆಚ್ಚಗಿಡುವ ವಿಭಾಗದಲ್ಲಿ ಕಂಬಳಿ, ಸ್ವೆಟರ್, ಫ್ಲಾಸ್ಕು. ದ್ರವ ವಿಭಾಗದಲ್ಲಿ ಎಣ್ಣೆ, ಶಾಯಿ, ಸೌಟು, ಛತ್ರಿ. "ಛತ್ರಿ ಹೇಗೆ ದ್ರವ ಅಪ್ಪ?" ಎಂದಳು ಮಗಳು. "ದ್ರವಕ್ಕೆ ಸಂಬಂಧಪಟ್ಟಿದ್ದು" ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಹೊಸ ವಿಚಾರಗಳನ್ನು ಜಗತ್ತು ಮೊದಲು ಹಾಗೆಯೇ ನೋಡುವುದು.

ಹೆಂಡತಿ ಬಂದ ಸಂಜೆ ನಾನು ಎದೆಯುಬ್ಬಿಸಿ ಹಜಾರದಲ್ಲಿ ನಿಂತಿದ್ದೆ. ಅವಳು ಅಡುಗೆಮನೆಗೆ ಹೋಗಿ ಒಂದು ಕಪಾಟು ತೆರೆದಳು. ಮುಚ್ಚಿದಳು. ಇನ್ನೊಂದು ತೆರೆದಳು. ಬಿರುಗಾಳಿ ಏಳಲಿಲ್ಲ. ಅವಳು ಹೊರಗೆ ಬಂದು ಸೋಫಾದ ಮೇಲೆ ಕೂತು, ಕಾಲು ಚಾಚಿ, ಬಹಳ ಮಧುರವಾದ ಧ್ವನಿಯಲ್ಲಿ ಕೇಳಿದಳು:

"ರೀ, ಸೌಟು ಎಲ್ಲಿದೆ?"

ಆಹಾ! ಎಷ್ಟು ವರ್ಷ ಕಾದಿದ್ದೆ ಈ ಪ್ರಶ್ನೆಗೆ!

"ಮೂಗಿನ ಮುಂದೆ" ಎಂದೆ. ಆಮೇಲೆ ಮೆಲ್ಲನೆ, ಗಾಂಭೀರ್ಯದಿಂದ ನಡೆದು, ದ್ರವ ವಿಭಾಗದಿಂದ ಸೌಟು ತಂದುಕೊಟ್ಟೆ. "ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕದಲ್ಲಿ ಏನೇನೋ ನೋಡ್ತೀಯ, ಒಂದು ಸೌಟು ಕಾಣಲ್ವಾ?" ಎಂದು ಬೆಲೆಯನ್ನೂ ವಸೂಲು ಮಾಡಿದೆ.

"ಏನ್ ಮಾಡೋದು, ನನಗೆ ಗೊತ್ತಾಗಲ್ಲ" ಎಂದು ಅವಳು ಮುಗುಳ್ನಕ್ಕಳು. ಆ ಮುಗುಳ್ನಗೆಯನ್ನು ನಾನು ಇನ್ನೂ ಸ್ವಲ್ಪ ಹೊತ್ತು ಅಧ್ಯಯನ ಮಾಡಬೇಕಿತ್ತು.

ಮೊದಲ ದಿನ ಸ್ವರ್ಗ. ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ನಾನು ಏಕಸ್ವಾಮಿ! ಎರಡನೆಯ ದಿನದಿಂದ ಒಂದು ಸತ್ಯ ಗೋಚರಿಸಿತು: ಬೆಲೆ ನಿಗದಿ ಮಾಡುವ ಅಧಿಕಾರದ ಜೊತೆಗೆ ಸರಬರಾಜಿನ ಕೆಲಸವೂ ಗಂಟು ಬೀಳುತ್ತದೆ. ಸ್ನಾನಕ್ಕೆ ನಿಂತರೆ, "ರೀ, ಬೆಂಕಿಪೆಟ್ಟಿಗೆ!" ಮುಖಕ್ಕೆ ಸೋಪು ಹಚ್ಚಿದರೆ, "ಅಪ್ಪಾ, ಅಂಟು!" ಊಟಕ್ಕೆ ಕೂತರೆ, "ಮಗಾ, ನನ್ನ ದಾರದ ಉಂಡೆ!" ಹೆಂಡತಿ ಮಾತ್ರ ಸೋಫಾದಿಂದ ಏಳುತ್ತಿರಲಿಲ್ಲ. ಸಂಜೆ ಹೊತ್ತು ಪದಬಂಧ ಬಿಡಿಸಲು ಶುರುಮಾಡಿದಳು. ಅದಕ್ಕೆ ಪೆನ್ಸಿಲ್ ಬೇಕಾದರೂ ನನ್ನನ್ನೇ ಕೂಗುತ್ತಿದ್ದಳು.

ಕೊನೆಗೆ ಪಾಠದ ಮಧ್ಯೆಯೂ ಫೋನು. ತರಗತಿಯಲ್ಲಿ "ಏಕಸ್ವಾಮಿ ತನಗೆ ಬೇಕಾದಂತೆ ನಡೆಯುತ್ತಾನೆ" ಎನ್ನುತ್ತಿದ್ದೆ. ಜೇಬಿನಲ್ಲಿ ಫೋನು ಕಿರುಚಿತು. ಆರಿಸಲು ಹೋಗಿ ಆತುರದಲ್ಲಿ ಸ್ಪೀಕರ್ ಒತ್ತಿಬಿಟ್ಟೆ. ಹೆಂಡತಿಯ ಧ್ವನಿ ಕೋಣೆಯನ್ನೆಲ್ಲ ತುಂಬಿತು: "ರೀ, ಜರಡಿ ಯಾವ ವಿಭಾಗದಲ್ಲಿದೆ?"

"ತೂತು ವಿಭಾಗ" ಎಂದೆ ಪಿಸುದನಿಯಲ್ಲಿ.

"ನೋಡಿದೆ. ಅಲ್ಲಿ ಸೊಳ್ಳೆಪರದೆ ಇದೆ, ನಿಮ್ಮ ಬನಿಯನ್ನೂ ಇದೆ."

ತರಗತಿ ಗೊಳ್ಳೆಂದಿತು. ಹಿಂದಿನ ಬೆಂಚಿನವನು ಎದ್ದು, "ಸಾರ್, ಏಕಸ್ವಾಮಿ ಅಂದ್ರೆ ಇದೇನಾ? ಏಕೆ ಸ್ವಾಮಿ ಇಷ್ಟು ಬೆವರ್ತಿದೀರಿ?" ಎಂದ. ನಾನು ಅವನನ್ನು ಕೂರಿಸಿದೆ. ಆದರೂ ಧೈರ್ಯಗೆಡಲಿಲ್ಲ. ಯಾವ ಹೊಸ ವ್ಯವಸ್ಥೆಗೂ ಆರಂಭದ ತೊಡಕುಗಳಿರುತ್ತವೆ.

ನಿಜವಾದ ತೊಡಕು ಭಾನುವಾರ ಬಂತು. ಅಮ್ಮನ ಬಾಲ್ಯದ ಗೆಳತಿ ಒಬ್ಬರಿದ್ದರು. ಶಾಲೆ ಬಿಟ್ಟ ಮೇಲೆ ಇಬ್ಬರೂ ಮುಖ ನೋಡಿರಲಿಲ್ಲ. ಅವರು ಹೇಗೋ ನಮ್ಮ ನಂಬರು ಪತ್ತೆ ಮಾಡಿ, ಸಂಜೆ ಮನೆಗೆ ಬರುತ್ತೇನೆಂದರು. ಅಮ್ಮ ಬೆಳಗಿನಿಂದ ಕನ್ನಡಿ ಬಿಟ್ಟು ಕದಲಿರಲಿಲ್ಲ. "ನಮ್ಮ ಶಾಲೇಲಿ ಅವಳದು ಜಡೆ ಚಂದ, ನನ್ನದು ನಗು ಚಂದ ಅಂತಿದ್ರು" ಎಂದು ಮೊಮ್ಮಗಳಿಗೆ ಹೇಳುತ್ತಿದ್ದರು. ಅತಿಥಿಯ ಆಟೋ ಮನೆಯ ಮುಂದೆ ನಿಂತಾಗ ಒಳಕೋಣೆಯಿಂದ ನನ್ನನ್ನು ಕರೆದರು.

"ನನ್ನ ಶೆಟ್ಟು ಎಲ್ಲೋ?"

"ಯಾವ ಶರ್ಟು ಅಮ್ಮ?"

"ಶರ್ಟಲ್ವೋ, ಶೆಟ್ಟು! ಹಲ್ಲಿನ ಶೆಟ್ಟು!"

ನನ್ನ ಜೀವ ಬಾಯಿಗೆ ಬಂತು. ಅಮ್ಮನಿಗೆ ಕಟ್ಟಿಸಿದ ಹಲ್ಲು ಒತ್ತುತ್ತದೆ. ಹಾಗಾಗಿ ಮನೆಯವರಿಗೆಲ್ಲ ಬೊಚ್ಚು ನಗು. ಹೊರಗಿನವರು ಬಂದಾಗ ಮಾತ್ರ ಹಲ್ಲಿನ ನಗು. ಹಲ್ಲಿನ ಸೆಟ್ಟು ಇಡುವ ಡಬ್ಬಿಯನ್ನು ನಾನೇ ಎತ್ತಿದ್ದು ನೆನಪಿತ್ತು. ಇಟ್ಟಿದ್ದು ನೆನಪಿರಲಿಲ್ಲ. ಪರವಾಗಿಲ್ಲ, ತರ್ಕವಿದೆಯಲ್ಲ! ಅರೆಯುವ ವಿಭಾಗಕ್ಕೆ ಓಡಿದೆ. ಮಿಕ್ಸಿ ಇತ್ತು, ಹಲ್ಲಿರಲಿಲ್ಲ. ಕತ್ತರಿಸುವ ವಿಭಾಗದಲ್ಲಿ ಗರಗಸಕ್ಕೆ ಹಲ್ಲಿತ್ತು, ಡಬ್ಬಿ ಇರಲಿಲ್ಲ. ಬಾಚಣಿಗೆಗೂ ಹಲ್ಲಿದೆಯಲ್ಲ ಎಂದು ಅಲ್ಲೂ ತಡಕಿದೆ. ಅಲಂಕಾರ ವಿಭಾಗ, ಬಿಳಿ ವಸ್ತುಗಳ ವಿಭಾಗ, ನೀರಿನಲ್ಲಿ ನೆನೆಸುವ ವಿಭಾಗ. ಒಂದೇ ವಸ್ತುವಿಗೆ ಎಷ್ಟೊಂದು ತರ್ಕಗಳು ಹೊಂದುತ್ತವೆ ಎಂಬುದು ಆಗ ತಿಳಿಯಿತು.

ಹಜಾರದಲ್ಲಿ ಅತಿಥಿ ಆಗಲೇ ಕೂತಿದ್ದರು. ಹೆಂಡತಿ ಅವರೊಡನೆ ಹರಟುತ್ತಿದ್ದಳು. ಒಳಗೆ ಅಮ್ಮ ಮಂಚದ ತುದಿಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. "ನನಗೆ ಜ್ವರ ಅಂತ ಹೇಳಿ ಕಳಿಶಿಬಿಡು" ಎಂದರು. ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ನನ್ನ ವಿಜ್ಞಾನವೆಲ್ಲ ಇಳಿದುಹೋಯಿತು. ಹಜಾರಕ್ಕೆ ಹೋಗಿ ಹೆಂಡತಿಯನ್ನು ಸನ್ನೆ ಮಾಡಿ ಕರೆದೆ.

"ಅಮ್ಮನ ಹಲ್ಲು ಎಲ್ಲಿದೆ?"

"ನನಗೇನು ಗೊತ್ತು? ಇಟ್ಟವರು ನೀವು" ಎಂದಳು. ಆದರೆ ಬಾಗಿಲ ಸಂದಿಯಿಂದ ಅತ್ತೆಯನ್ನು ನೋಡಿದ್ದೇ ಅವಳ ಮುಖ ಬದಲಾಯಿತು. "ಡಬ್ಬಿ ಕೈಯಲ್ಲಿದ್ದಾಗ ಏನು ಮಾಡ್ತಿದ್ರಿ? ಬೇಗ ಹೇಳಿ."

"ಕುರ್ಚಿ ಮೇಲೆ ನಿಂತಿದ್ದೆ. ಫೋನ್ ಬಂತು."

"ಯಾರದು?"

"ಪ್ರಿನ್ಸಿಪಾಲರದು."

ಅವಳು ಮುಂದೆ ಕೇಳಲೇ ಇಲ್ಲ. ನೆಟ್ಟಗೆ ಹೊರಬಾಗಿಲ ಬಳಿಗೆ ಹೋಗಿ, ಕನ್ನಡಿಯ ಕೆಳಗಿನ ಚಪ್ಪಲಿಗೂಡಿಗೆ ಕೈಹಾಕಿ, ನನ್ನ ಬೂಟಿನ ಹಿಂದಿನಿಂದ ಡಬ್ಬಿ ತೆಗೆದಳು.

"ಹೇಗೆ ಗೊತ್ತಾಯ್ತು?" ಎಂದೆ, ಬಾಯಿ ಬಿಟ್ಟುಕೊಂಡು.

"ಪ್ರಿನ್ಸಿಪಾಲರ ಫೋನ್ ಬಂದ್ರೆ ನೀವು ಕನ್ನಡಿ ಮುಂದೆ ಹೋಗಿ ನಿಂತು ಶರ್ಟಿನ ಗುಂಡಿ ಹಾಕ್ಕೊಳ್ತೀರಿ. ಅವರಿಗೆ ಕಾಣುತ್ತೆ ಅನ್ನೋ ಹಾಗೆ. ಗುಂಡಿ ಹಾಕೋಕೆ ಕೈ ಬೇಕಲ್ಲ, ಕೈಲಿದ್ದದ್ದನ್ನ ಕೆಳಗೆ ಇಟ್ಟಿರ್ತೀರಿ."

ನಾನು ಗುಂಡಿ ಹಾಕಿಕೊಳ್ಳುತ್ತೇನೆ ಎಂಬುದು ನನಗೇ ಗೊತ್ತಿರಲಿಲ್ಲ! ಅವಳು ನೆನಪಿಟ್ಟುಕೊಂಡಿದ್ದು ವಸ್ತುಗಳ ಜಾಗಗಳನ್ನಲ್ಲ, ನಮ್ಮೆಲ್ಲರ ಚಾಳಿಗಳನ್ನು. ಈ ಸರಕಿಗೆ ಬದಲಿ ಎಲ್ಲಿಂದ ತರುವುದು?

ಡಬ್ಬಿ ತೊಳೆದು, ಹಲ್ಲು ತೊಳೆದು, ಅಮ್ಮ ಹಜಾರಕ್ಕೆ ಬಂದರು. ಗೆಳತಿಯರಿಬ್ಬರೂ ಕೈ ಹಿಡಿದುಕೊಂಡು ನಕ್ಕ ನಗು ಬೀದಿಗೆ ಕೇಳಿಸಿರಬೇಕು. ಅಮ್ಮ ಆ ಖುಷಿಯಲ್ಲಿ ಚಪ್ಪಲಿಗೂಡಿನ ಕಥೆಯನ್ನೂ ಬಿಡದೆ ಹೇಳಿದರು. (ನನ್ನ ಬೂಟಿನ ವಿವರ ಇಷ್ಟೊಂದು ಬೇಕಿರಲಿಲ್ಲ.)

ಅತಿಥಿ ಹೋದ ಮೇಲೆ ನಾನು ಶರಣಾದೆ. "ಎಲ್ಲ ಮೊದಲಿನ ಹಾಗೇ ಇಟ್ಟುಬಿಡ್ತೀನಿ ಮಾರಾಯ್ತಿ."

"ಇಡಿ. ಯಾರು ಬೇಡ ಅಂದ್ರು?" ಎಂದಳು ಪದಬಂಧದಿಂದ ಕಣ್ಣೆತ್ತದೆ.

ಮೊದಲ ಕಪಾಟು ಖಾಲಿ ಮಾಡಿ, ಕುರ್ಚಿ ಹತ್ತಿ, ಜರಡಿ ಕೈಯಲ್ಲಿ ಹಿಡಿದವನು ಹಾಗೆಯೇ ನಿಂತೆ. ಇದು ಮೊದಲು ಎಲ್ಲಿತ್ತು? ಫ್ಲಾಸ್ಕು ಎಲ್ಲಿತ್ತು? ದಾರದ ಉಂಡೆ ಎಲ್ಲಿತ್ತು? ನಾನು ಯಾವತ್ತೂ ಅವುಗಳನ್ನು ಅವುಗಳ ಜಾಗದಲ್ಲಿ ನೋಡಿಯೇ ಇರಲಿಲ್ಲ, ಅವಳ ಕೈಯಲ್ಲಿ ಮಾತ್ರ ನೋಡಿದ್ದೆ. ಇಷ್ಟು ದಿನ "ಎಲ್ಲಿದೆ" ಮಾತ್ರ ಅವಳದಾಗಿತ್ತು. ನನ್ನ ಸಾಹಸದಿಂದ ಈಗ "ಎಲ್ಲಿತ್ತು" ಕೂಡ ಅವಳದೇ ಆಯಿತು.

"ನೋಡು... ಈ ಜರಡಿ ಎಲ್ಲಿತ್ತು?" ಎಂದೆ, ಯಾವ ಬೆಲೆಗೂ ಸಿದ್ಧನಾಗಿ.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಅಮ್ಮನ ಗೆಳತಿ! ಮನೆ ತಲುಪಿದ್ದರಂತೆ, ಕನ್ನಡಕ ಸಿಗುತ್ತಿಲ್ಲವಂತೆ. ಹೆಂಡತಿ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ವಿಚಾರಣೆ ಶುರುಮಾಡಿದಳು. "ಒಳಗೆ ಬಂದ ತಕ್ಷಣ ಏನು ಮಾಡಿದ್ರಿ ಅಮ್ಮ? ನೀರು ಕುಡಿದ್ರಾ? ಹಾಗಾದ್ರೆ ಫ್ರಿಜ್ಜಿನ ಬಾಗಿಲು ತೆಗೆದು ನೋಡಿ, ಬಾಟಲಿ ಪಕ್ಕ..." ಆ ಕಡೆಯಿಂದ ಹರ್ಷೋದ್ಗಾರ ನನಗೂ ಕೇಳಿಸಿತು.

"ಸಿಕ್ತಾ? ಒಳ್ಳೇದಾಯ್ತು. ಹೂಂ... ನಿಮ್ಮ ಪಕ್ಕದ ಮನೆಯವರದು ಬೀಗದ ಕೈಯಾ? ಕೊಡಿ ಅವರಿಗೆ ಫೋನು, ಕೇಳ್ತೀನಿ."

ನಾನು ಕುರ್ಚಿಯ ಮೇಲಿನಿಂದಲೇ ಜರಡಿ ಅಲ್ಲಾಡಿಸಿದೆ. ಅವಳು ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು, ನನ್ನ ಕಡೆ ತಿರುಗಿ ಹೇಳಿದಳು:

"ಸ್ವಲ್ಪ ತಡೀರಿ. ಹೊರಗಿನ ಗಿರಾಕಿಗಳಿದ್ದಾರೆ."