ಕಾಯಿ ಹೊಡೆದ ಕೋವಿ

ಎಲ್ಲಕ್ಕೂ ಕಾರಣ ಒಂದು ಚಮಚ ಹೆಪ್ಪು. ಪಕ್ಕದ ಮನೆಯ ನಿರ್ಮಲಮ್ಮ ಅದನ್ನು ಕೇಳಲು ಬರದೇ ಇದ್ದಿದ್ದರೆ, ಹೊನ್ನಾಳಿಯ ಅಂಚೆ ಗುಮಾಸ್ತ ಮಲ್ಲಿಕಾರ್ಜುನಪ್ಪ ಇವತ್ತಿಗೂ ತನ್ನ ಪಾಡಿಗೆ ತಾನು ಮುದ್ರೆ ಒತ್ತಿಕೊಂಡು ಸುಖವಾಗಿರುತ್ತಿದ್ದ. ಬಂದವಳು ಹೆಪ್ಪು ಇಸಿದುಕೊಂಡು ಸುಮ್ಮನೆ ಹೋಗಬೇಕೋ ಬೇಡವೋ? ನಡುಮನೆಗೆ ಇಣುಕಿದಳು. ಅಲ್ಲಿ ಮಲ್ಲಿಕಾರ್ಜುನಪ್ಪ ಅಜ್ಜನ ಕಾಲದ ಒಂಟಿ ನಳಿಗೆ ಕೋವಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದ.

"ಅಯ್ಯೋ, ಇಂಥದ್ದು ಮನೇಲಿ ಇಟ್ಕಂಡು ಸುಮ್ನೆ ಕುಂತಿದೀರಾ?" ಎಂದಳು ನಿರ್ಮಲಮ್ಮ. "ಆಯುಧ ಪೂಜೆ ದಿನ ನಮ್ಮ ತವರೂರಾಗೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ ಐತೆ. ಹಳೇ ಕೋವಿ ಇರೋರಿಗೇ ಮೀಸಲು. ನಡೆಸೋರು ನಮ್ಮಪ್ಪನೇ. ಬರ್ರಿ, ನಾನು ಹೇಳ್ತೀನಿ."

ಆ ಕೋವಿ ಮೊದಲು ಬಿಳಿಚೋಡಿನ ತಮ್ಮನ ಮನೆಯಲ್ಲಿ ಆಡಿನ ರೊಪ್ಪದ ಬಾಗಿಲಿಗೆ ಅಗುಳಿಯಾಗಿತ್ತು. ಅದನ್ನು ಕಂಡು ಮಲ್ಲಿಕಾರ್ಜುನಪ್ಪನ ಕರುಳು ಚುರುಕ್ಕೆಂದಿತು. ಲೈಸೆನ್ಸು ತನ್ನ ಹೆಸರಿಗೆ ಮಾಡಿಸಲು ಕಚೇರಿ ಕಚೇರಿ ಅಲೆದು ಚಪ್ಪಲಿ ಸವೆಸಿದ. ಗೆದ್ದಲು ತಿಂದಿದ್ದ ಹಿಡಿಯನ್ನು ಕಿತ್ತು ಬಸವಾಪಟ್ಟಣದ ಬಡಗಿಯ ಕೈಯಲ್ಲಿ ಹೊನ್ನೆ ಮರದ ಹೊಸ ಹಿಡಿ ಕೆತ್ತಿಸಿದ. ಮದ್ದಿಗೆ ಕಿಡಿ ಕೊಡುವ ಕೇಪಿನ ಮೇಲೆ ಬಡಿಯುವ ಕುದುರೆ ಮುರಿದಿತ್ತು. ದಾವಣಗೆರೆಯ ಕೋವಿ ಅಂಗಡಿಯಲ್ಲಿ ಬೇರೆಯದು ಕೂರಿಸಿದರು. ಆದರೆ ಸ್ಪ್ರಿಂಗು ಒಮ್ಮೆ ಬಿಗಿ, ಒಮ್ಮೆ ಸಡಿಲ. ಭಾನುವಾರ ಬಂತೆಂದರೆ ಕೋವಿ ಬಿಚ್ಚುವುದು, ಕೂಡಿಸುವುದು, ಕೊನೆಗೆ ಕೈಯಲ್ಲಿ ಉಳಿದ ಸ್ಕ್ರೂ ಯಾವುದರದೆಂದು ತಲೆ ಕೆರೆದುಕೊಳ್ಳುವುದು. ಹೆಂಡತಿ ರುದ್ರಾಣಿಯ ರೇಷ್ಮೆ ಕುಪ್ಪಸ ನಳಿಗೆ ಒರೆಸುವ ಬಟ್ಟೆಯಾದ ದಿನ ಅವಳ ತಾಳ್ಮೆ ಮುಗಿಯಿತು.

"ರೀ, ಸರಿಯಾಗಿ ಕೇಳಿಸ್ಕಳ್ರಿ. ಆ ಪಂದ್ಯದಾಗೆ ಕಾಯಿ ಹೊಡೆದ್ರೆ ಕೋವಿ ಈ ಮನೇಲಿ ಇರ್ತೈತೆ. ಹೊಡೀಲಿಲ್ಲ ಅಂದ್ರೆ ವಾಪಸ್ ಆಡಿನ ರೊಪ್ಪಕ್ಕೆ."

ರುದ್ರಾಣಿ ಒಮ್ಮೆ ಹೇಳಿದರೆ ಮುಗಿಯಿತು.

ಆಯುಧ ಪೂಜೆಯ ಬೆಳಿಗ್ಗೆ ಬೀದಿಗೆ ಬೀದಿಯೇ ಕೋವಿಯ ಸುತ್ತ ಸೇರಿತು. ರುದ್ರಾಣಿ ಕುಂಕುಮ ಹಚ್ಚಿದಳು, ನಿರ್ಮಲಮ್ಮ ಅದರ ಮೇಲೊಂದಿಷ್ಟು ಬಳಿದಳು. ಎದುರುಮನೆಯ ಕೊಟ್ರಮ್ಮಜ್ಜಿ, ನಳಿಗೆಯ ತೂತು ಬೋಳುಬೋಳಾಗಿ ಕಾಣುತ್ತದೆಂದು ಅದಕ್ಕೊಂದು ಸೇವಂತಿಗೆ ಸಿಕ್ಕಿಸಿದಳು. ನಿರ್ಮಲಮ್ಮನ ತವರೂರೇ ಕೊಟ್ರಮ್ಮಜ್ಜಿಯದೂ. ಮಲ್ಲಿಕಾರ್ಜುನಪ್ಪ ಅಲ್ಲಿಗೇ ಹೊರಟಿದ್ದಾನೆಂದು ತಿಳಿದು ಅವಳ ಕಣ್ಣು ತುಂಬಿ ಬಂತು.

"ಬಂಗಾರದಂಥ ಮನಸ್ಸು ಕಣಪ್ಪ ನಿಂದು. ಇಷ್ಟು ಚಂದ ಮಾಡಿಸ್ಕಂಡು ಹೊಂಟಿದೀಯ. ಬೇರೆ ಯಾರಿಗೂ ಮನಸ್ಸು ಬರ್ತಿರ್ಲಿಲ್ಲ."

"ಯಾವುದಕ್ಕೆ ಮನಸ್ಸು ಬರ್ತಿರ್ಲಿಲ್ಲ ಅಜ್ಜಿ?"

"ಬಸ್ಸಿಗೆ ಹೊತ್ತಾತು, ನಡೀರಿ ನಡೀರಿ," ಎಂದು ನಿರ್ಮಲಮ್ಮ ಅವನನ್ನು ಬಾಗಿಲಾಚೆ ದಬ್ಬಿದಳು.

ಬಸ್ಸಿನಲ್ಲೂ ಅದೇ ಕತೆ. ಗವಸಿನಲ್ಲಿದ್ದ ಕೋವಿ ನೋಡಿ ಕಂಡಕ್ಟರು ಮೊದಲು ಹುಬ್ಬು ಗಂಟಿಕ್ಕಿದ. ಊರಿನ ಹೆಸರು ಕೇಳಿದ್ದೇ, ನಮ್ಮೂರೇ ಅಲ್ವಾ ಎಂದು ಎದ್ದು ತನ್ನ ಸೀಟನ್ನೇ ಬಿಟ್ಟುಕೊಟ್ಟ. "ಕುತ್ಕಳ್ರಿ ಸಾರ್. ಈಗಿನ ಕಾಲದಾಗೂ ನಿಮ್ಮಂಥೋರು ಅದಾರಲ್ಲ!" ಎಂದು ಕೈ ಮುಗಿದ. ಕಾಯಿಗೆ ಗುಂಡು ಹೊಡೆಯುವುದರಲ್ಲಿ ಅಂಥ ಪುಣ್ಯ ಏನಿದೆಯೆಂದು ಮಲ್ಲಿಕಾರ್ಜುನಪ್ಪ ದಾರಿಯುದ್ದಕ್ಕೂ ಯೋಚಿಸಿದ. ಸಾಸ್ವೆಹಳ್ಳಿ ದಾಟಿದರೂ ಹೊಳೆಯಲಿಲ್ಲ.

ಹೊಳೆದಂಡೆಯ ಆ ಊರಿನಲ್ಲಿ, ದುರುಗಮ್ಮನ ಗುಡಿಯ ಮುಂದೆ ಮೈದಾನ ಸಿದ್ಧವಾಗಿತ್ತು. ಒಂದು ಗಳದ ತುದಿಗೆ ತೆಂಗಿನಕಾಯಿ ಕಟ್ಟಿದ್ದರು, ಹಿಂದೆ ಮಣ್ಣಿನ ದಿಬ್ಬ. ನಿರ್ಮಲಮ್ಮನ ಅಪ್ಪ ಹನುಮಂತಪ್ಪ ಓಡಿ ಬಂದು ಮಲ್ಲಿಕಾರ್ಜುನಪ್ಪನನ್ನು ತಬ್ಬಿಕೊಂಡ. ಬೀಗರಿಗೂ ಅಂಥ ಮರ್ಯಾದೆ ಸಿಗುವುದಿಲ್ಲ.

ಮೊದಲು ಓಬಣ್ಣನ ಸರದಿ. ಎಸೆದ ನಿಂಬೆಹಣ್ಣನ್ನು ಗಾಳಿಯಲ್ಲೇ ಒಡೆಯುತ್ತಾನೆಂದು ಸುತ್ತ ಹತ್ತೂರಲ್ಲಿ ಅವನ ಹೆಸರು. ಮದ್ದು ಗಟ್ಟಿಸಿ, ಗುಂಡು ಇಳಿಸಿ, ಕೋವಿ ಏರಿಸಿದ. ಢಂ! ಕಾಯಿ ಕದಲಲಿಲ್ಲ, ದಿಬ್ಬದ ಆ ತುದಿಯಲ್ಲಿ ಮಣ್ಣು ಹಾರಿತು. ಮಲ್ಲಿಕಾರ್ಜುನಪ್ಪ ಅಯ್ಯೋ ಪಾಪ ಅಂದುಕೊಂಡ. ಓಬಣ್ಣನೋ, ನಗುತ್ತಾ ಬಂದು ಕೋವಿಗೆ ಮುತ್ತಿಟ್ಟ. ಆಮೇಲೆ ಬಂದವನದು ಇನ್ನೂ ಅತ್ತ. ಅವನ ನಂತರದವನು ಗುರಿ ಹಿಡಿದ ರೀತಿ ನೋಡಿದರೆ ಕಾಯಿಗೂ ಅವನಿಗೂ ಮಾತೇ ಇಲ್ಲವೇನೋ ಎನ್ನಬೇಕು. ತಪ್ಪಿದವರಿಗೆಲ್ಲ ಜನ ಬೆನ್ನು ತಟ್ಟಿ ಎಲೆ ಅಡಿಕೆ ಕೊಡುತ್ತಿದ್ದರು.

'ಏನಿದು? ಇವರು ಗುರಿಕಾರರೋ, ಕಣ್ಣಾಸ್ಪತ್ರೆಯಿಂದ ಎದ್ದು ಬಂದವರೋ?' ಎಂದು ಮಲ್ಲಿಕಾರ್ಜುನಪ್ಪನಿಗೆ ತಲೆ ಗಿರ್ರೆಂದಿತು.

ಅವನ ಸರದಿ ಬಂತು. ಸೇವಂತಿಗೆ ಕಿತ್ತೆಸೆದು ಈಡು ತುಂಬಿದ. ಕುದುರೆ ಬಡಿಯಿತು: ಟುಸ್. ಹಸಿ ಕುಂಕುಮ ಇಳಿದು ಕೇಪು ಒದ್ದೆಯಾಗಿತ್ತು. ಆಡಿನ ರೊಪ್ಪ ಕಣ್ಣೆದುರು ಬಂದು ನಿಂತಿತು. ತಲೆ ತಗ್ಗಿಸಿ ಹೊರಟ.

"ಎಲ್ಲಿಗ್ರೀ ಸಾರ್?" ಹನುಮಂತಪ್ಪ ತೋಳು ಹಿಡಿದು ನಿಲ್ಲಿಸಿದ.

"ಸೋತೆನಲ್ಲ."

"ಕೇಪು ಸಿಡೀಲಿಲ್ಲ ಅಂದ್ರೆ ಅದು ಲೆಕ್ಕಕ್ಕಿಲ್ಲ. ಒರೆಸಿ ಇನ್ನೊಂದು ಕೇಪು ಹಾಕ್ರಿ."

ಹಾಕಿದ. ಈ ಸಲ ಢಂ ಎಂದಿತು. ಕಾಯಿ ಮಾತ್ರ ಹಾಗೇ ಇತ್ತು.

"ಕಣ್ಣಿಗೆ ಬಿಸಿಲು ಬಿತ್ತು ಪಾಪ," ಎಂದ ಓಬಣ್ಣ. "ಅದೂ ಲೆಕ್ಕಕ್ಕಿಲ್ಲ."

"ಹೌದೌದು, ಲೆಕ್ಕಕ್ಕಿಲ್ಲ!" ಎಂದು ಊರೇ ಕೂಗಿತು.

"ಹೊರಗಿನೋರು, ಜಾಗ ಹೊಸದು. ಗಳ ಮುಂದಕ್ಕೆ ತರ್ರೋ," ಎಂದ ಹನುಮಂತಪ್ಪ. ಯಾರಾದರೂ ಜಗಳ ತೆಗೆಯುತ್ತಾರೆಂದು ಮಲ್ಲಿಕಾರ್ಜುನಪ್ಪ ಹೆದರಿದ್ದ. ಎದುರಾಳಿಗಳೇ ಓಡಿ ಹೋಗಿ ಗಳ ಕಿತ್ತು ತಂದರು. ಸಾಲದೆಂದು ಇನ್ನಷ್ಟು ಮುಂದೆ ತಂದರು. ಕೊನೆಗೆ ಅದು ಎಷ್ಟು ಹತ್ತಿರ ಬಂತೆಂದರೆ, ಕಾಯಿಯ ಜುಟ್ಟು ಅವನಿಗೆ ಸ್ಪಷ್ಟವಾಗಿ ಕಂಡಿತು.

ಅವನ ಕಣ್ಣಲ್ಲಿ ನೀರಾಡಿತು. ಎಂಥ ಜನ ಇವರು! ಅಂಚೆ ಕಚೇರಿಯಲ್ಲಿ ಒಂದು ಪೆನ್ನು ಕೇಳಿದರೆ ಕೊಡುವವರಿಲ್ಲ. ಇಲ್ಲಿ ಎದುರಾಳಿಯೇ ಗುರಿ ಹೊತ್ತು ತರುತ್ತಿದ್ದಾನೆ. ಓಬಣ್ಣ ತಾನೇ ಮತ್ತೆ ಈಡು ತುಂಬಿ, ಕೋವಿಯ ಹಿಡಿಯನ್ನು ಅವನ ಭುಜಕ್ಕೆ ಸರಿಯಾಗಿ ಒತ್ತಿ ಇಟ್ಟ. "ಉಸಿರು ಕಟ್ರಿ," ಎಂದ ಒಬ್ಬ. "ಬ್ಯಾಡ, ಬಿಡ್ರಿ," ಎಂದ ಮತ್ತೊಬ್ಬ. ಕಟ್ಟಬೇಕೋ ಬಿಡಬೇಕೋ ತಿಳಿಯದೆ ಮಲ್ಲಿಕಾರ್ಜುನಪ್ಪ ಕಣ್ಣು ಮುಚ್ಚಿ ಎಳೆದೇಬಿಟ್ಟ.

ಢಂ!

ಕಣ್ಣು ಬಿಟ್ಟರೆ ಗಳದ ತುದಿಯಲ್ಲಿ ಬರೀ ಹಗ್ಗವಿತ್ತು. ಊರು ಹುಚ್ಚೆದ್ದು ಕುಣಿಯಿತು. ಡೊಳ್ಳು ಬಡಿಯಿತು. ಅವನನ್ನು ಹೆಗಲ ಮೇಲೆ ಹೊತ್ತು ಗುಡಿಗೆ ಮೂರು ಸುತ್ತು ಹಾಕಿಸಿದರು. ಮೇಲಿಂದಲೇ ಮಲ್ಲಿಕಾರ್ಜುನಪ್ಪ ಹೆಂಡತಿಗೆ ಫೋನು ಮಾಡಲು ಜೇಬು ತಡಕಿದ. ಕೆಳಗಿಳಿಸಿದಾಗ ಕೊರಳಲ್ಲಿ ಹಾರವಿತ್ತು, ಕೈಯಲ್ಲಿ ಕೋವಿ ಇರಲಿಲ್ಲ.

"ನನ್ನ ಕೋವಿ?"

"ಒಳಗೆ ಹೋತು ಸಾರ್," ಎಂದ ಓಬಣ್ಣ. "ಕಾಯಿ ಹೊಡೆದ ಕೋವಿ ಅಮ್ಮಂದು. ಗುಡಿಯೊಳಗೆ ಬೀರುವಿನಾಗೆ ಪೂಜೆಗೆ ಇರ್ತೈತೆ."

"ಎಲ್ಲಿ ತನಕ?"

"ಇನ್ನೊಬ್ರು ಬಂದು ಕಾಯಿ ಹೊಡೆಯೋ ತನಕ. ಅವರದು ಒಳಗೆ ಹೋದಾಗ ನಿಮ್ಮದು ನಿಮ್ಮ ಕೈಗೆ. ಲೈಸೆನ್ಸು ಮಾತ್ರ ನಿಮ್ಮ ಹೆಸರಾಗೇ ಇರ್ತೈತೆ, ರಿನೀವಲ್ ಮಾಡ್ಸಾದು ಮರೀಬ್ಯಾಡ್ರಿ. ಅವಾಗವಾಗ ಬಂದು ಎಣ್ಣೇನೂ ಹಾಕಿ ಹೋಗ್ರಿ."

ಅಷ್ಟರಲ್ಲಿ ಗುಡಿಯೊಳಗಿಂದ ಹನುಮಂತಪ್ಪ ಹೊರಗೆ ಬಂದ. ಅವನ ತೋಳಲ್ಲಿ, ಬಾಣಂತಿ ಕೂಸನ್ನು ಹಿಡಿದಂತೆ, ತುಕ್ಕು ಹಿಡಿದ ಒಂದು ಕೋವಿ ಇತ್ತು. ಗಳಗಳನೆ ಅಳುತ್ತಿದ್ದ.

"ನನ್ನ ಮಗಳ ಮದುವೆಗೆ ಮುಂಚೆ ಒಳಗೆ ಹೋಗಿದ್ದು ಸಾರ್ ಇದು. ಈಗ ಮೊಮ್ಮಗ ಕಾಲೇಜಿಗೆ ಹೋಗ್ತಾನೆ. ಇಷ್ಟು ವರ್ಷದಾಗೆ ಒಬ್ಬನಾದ್ರೂ ಕಾಯಿ ಹೊಡೀಬಾರದಾ ಈ ಪಾಪಿಗಳು!"

ಪಾಪಿಗಳು ತಂತಮ್ಮ ಕೋವಿ ತಬ್ಬಿಕೊಂಡು ಹಲ್ಲು ಕಿರಿದರು. ಮಲ್ಲಿಕಾರ್ಜುನಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಮೊದಲೇ ಹೇಳಬಾರದಾಗಿತ್ತೇನ್ರಿ?"

"ಹೇಳಿದ್ರೆ ಯಾವನು ಬರ್ತಾನೆ?" ಹನುಮಂತಪ್ಪ ಕಣ್ಣೊರೆಸಿಕೊಂಡು ಕಿವಿಯ ಹತ್ತಿರ ಬಗ್ಗಿದ. "ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ, ನೀವೂ ಎಲ್ಲೂ ಬಾಯಿ ಬಿಡಬ್ಯಾಡ್ರಿ. ಸುದ್ದಿ ಹರಡಿತೋ, ಹೊಸಬರು ಬರಲ್ಲ. ಬರಲಿಲ್ಲ ಅಂದ್ರೆ ನಿಮ್ಮ ಕೋವಿ ಅಲ್ಲೇ. ಮನೇಲೂ ಹೇಳಬ್ಯಾಡ್ರಿ."

ಆಗಲೇ ಫೋನು ಬಡಿದುಕೊಂಡಿತು. ರುದ್ರಾಣಿ.

"ಹೊಡೆದ್ರಂತೆ! ನಿರ್ಮಲಮ್ಮ ಈಗ ಬಂದು ಹೇಳಿದ್ರು. ನಂಗೆ ಎಷ್ಟು ಖುಷಿ ಆತು ಗೊತ್ತಾ? ಆಚಾರಿನ ಕರೆಸಿ ನಡುಮನೆ ಗೋಡೆಗೆ ಗೂಟ ಹೊಡಿಸ್ತಿದೀನಿ. ಎಷ್ಟು ಹೊತ್ತಿಗೆ ಕೋವಿ ತರ್ತೀರಿ?"

ಮಲ್ಲಿಕಾರ್ಜುನಪ್ಪ ಗುಡಿಯ ಬಾಗಿಲು ನೋಡಿದ. ಪೂಜಾರಿ ಬೀಗ ಹಾಕುತ್ತಿದ್ದ. ಹನುಮಂತಪ್ಪ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದ.

"ತರ್ತೀನಿ ಕಣೆ," ಎಂದ ಮಲ್ಲಿಕಾರ್ಜುನಪ್ಪ. "ಇನ್ನೊಂಚೂರು ರಿಪೇರಿ ಐತೆ."