ಕುಂಚಣ್ಣ ಅಂಟಿಸಿದ ಕೆಂಪು ಚುಕ್ಕೆ

ಚುಕ್ಕೆ ದೊಡ್ಡದೇನಲ್ಲ. ಅಂಗಿ ಗುಂಡಿಯಷ್ಟು ಅಗಲ, ಹಿಂದೆ ಅಂಟು, ಬಣ್ಣ ಕೆಂಪು. ಚಿತ್ರಪ್ರದರ್ಶನದಲ್ಲಿ ಯಾವ ಚಿತ್ರದ ಪಕ್ಕ ಅದು ಕೂರುತ್ತದೋ ಆ ಚಿತ್ರ ಮಾರಾಟವಾಯಿತೆಂದು ಅರ್ಥ. ಹದಿನೈದು ವರ್ಷಗಳಿಂದ ಚಿತ್ರ ಬರೆಯುತ್ತಿದ್ದ ಕುಂಚಣ್ಣನ ಯಾವ ಚಿತ್ರದ ಹತ್ತಿರವೂ ಅದು ಸುಳಿದಿರಲಿಲ್ಲ. ಅಂಥ ಚುಕ್ಕೆಯನ್ನು ಆ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಅವನು ತನ್ನ ಕೈಯಾರೆ ತಾನೇ ಅಂಟಿಸಿಕೊಂಡ.

ಅದಕ್ಕೆ ಕಾರಣ ಡ್ರೈವರ್‌ನ ಫೋನು.

ಡ್ರೈವರ್ ಎಂದರೆ ನಗರ ಬಸ್ಸಿನ ಡ್ರೈವರ್, ಕುಂಚಣ್ಣನ ಸಂಗಾತಿ. ಇಬ್ಬರೂ ಸಂಸಾರ ಹೂಡಿ ಆರು ವರ್ಷವಾಗಿತ್ತು. ಕುಂಚಣ್ಣ ಹೊಟ್ಟೆಪಾಡಿಗೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದ, ಮನಸ್ಸಿನ ಸಮಾಧಾನಕ್ಕೆ ಚಿತ್ರ. ಡ್ರೈವರ್ ಬಂಗಾರದಂಥ ಮನುಷ್ಯ, ಆದರೆ ತನ್ನ ರೂಪದ ವಿಷಯದಲ್ಲಿ ಬಲು ಬಿಗಿ. ಕ್ರಾಪು ಕೆದರಿದ್ದ ಒಂದು ಫೋಟೊವನ್ನು ಕುಂಚಣ್ಣ ಗೆಳೆಯರಿಗೆ ತೋರಿಸಿದನೆಂದು ಒಂಬತ್ತು ದಿನ ಮಾತು ಬಿಟ್ಟಿದ್ದ. ಹತ್ತನೆಯ ದಿನ ಬಾಯಿ ಬಿಟ್ಟದ್ದೂ ಇಸ್ತ್ರಿಪೆಟ್ಟಿಗೆ ಎಲ್ಲಿದೆ ಎಂದು ಕೇಳುವುದಕ್ಕೆ.

ಇಂಥವನನ್ನು ಕುಂಚಣ್ಣ ಬರೆದದ್ದು ಹೇಗೆ? ಪಾಳಿ ಮುಗಿಸಿ ಬಂದು ಸೋಫಾದ ಮೇಲೆ ಬಿದ್ದುಕೊಂಡಂತೆ. ಒಂದು ಕಾಲಿಗೆ ಕಾಲುಚೀಲ, ಇನ್ನೊಂದು ಬರಿಗಾಲು, ಹೊಟ್ಟೆಯ ಮೇಲೆ ಅರ್ಧ ತಿಂದ ಬ್ರೆಡ್ಡು, ಬಾಯಿ ಗ್ಯಾರೇಜಿನ ಬಾಗಿಲಿನಂತೆ ಪೂರಾ ತೆರೆದಿತ್ತು. ಮೂರು ತಿಂಗಳು, ಅವನು ನಿದ್ದೆ ಹೋದಾಗಲೆಲ್ಲ ಎದುರಿಗೆ ಕೂತು ಗುಟ್ಟಾಗಿ ಬರೆದಿದ್ದ. ಅಷ್ಟು ಪ್ರೀತಿಯಿಂದ ಜನ್ಮದಲ್ಲಿ ಬೇರೇನನ್ನೂ ಬರೆದಿರಲಿಲ್ಲ. ಏಷ್ಯಾದ ಕ್ವಿಯರ್ ಕಲಾವಿದರ, ಎಂದರೆ ಸಲಿಂಗಿ ಮತ್ತು ಲಿಂಗಾಂತರಿ ಕಲಾವಿದರ ಬಳಗ ಪ್ರತಿವರ್ಷ ತಮ್ಮವರ ಹಬ್ಬದ ಪ್ರೈಡ್ ತಿಂಗಳಲ್ಲಿ ಹಳೆಯ ಅಂಚೆ ಕಚೇರಿಯ ಹಾಲಿನಲ್ಲಿ ಮೂರು ದಿನದ ಪ್ರದರ್ಶನ ನಡೆಸುತ್ತಿತ್ತು. ಅದಕ್ಕೆ ಈ ಚಿತ್ರವನ್ನು ಕೊಟ್ಟದ್ದು, ಆ ಮೂರೂ ದಿನ ಡ್ರೈವರ್‌ಗೆ ಬೆಳಗಿನಿಂದ ಸಂಜೆವರೆಗೆ ಡ್ಯೂಟಿ ಇದೆಯೆಂಬ ಧೈರ್ಯದಿಂದ.

"ಏ, ರಜೆ ಸಿಕ್ತು ಕಣೋ!" ಎಂದಿದ್ದ ಡ್ರೈವರ್ ಫೋನಿನಲ್ಲಿ. "ಐದು ಗಂಟೆಗೆ ಬರ್ತೀನಿ. ನಿನ್ನ ಚಿತ್ರ ಯಾವ್ದು ಅಂತ ಹೇಳ್ಬೇಡ, ನಾನೇ ಹುಡುಕ್ತೀನಿ."

ಹುಡುಕಲು ಕಷ್ಟವೇನೂ ಇರಲಿಲ್ಲ, ಅವನದೇ ಮುಖ. ಇನ್ನೊಂದು ಒಂಬತ್ತು ದಿನದ ಮೌನವನ್ನು ಕುಂಚಣ್ಣ ಹೇಗೋ ತಡೆದುಕೊಂಡಾನು, ಆದರೆ ಊರಿನವರೆಲ್ಲ ನೋಡುತ್ತಿರುವಾಗ ಡ್ರೈವರ್‌ನ ಮುಖ ಬಾಡುವುದನ್ನು ನೋಡಲಾರ. ಸೀದಾ ಟೀಚರ್ ಬಳಿಗೆ ಓಡಿದ. ಮೂವತ್ತು ವರ್ಷ ಗಣಿತ ಪಾಠ ಮಾಡಿ ನಿವೃತ್ತರಾದ ಮೇಲೆ ಈ ಬಳಗ ಕಟ್ಟಿದ ಅಧ್ಯಕ್ಷೆ ಅವರು.

"ಟೀಚರ್, ನನ್ನ ಚಿತ್ರ ಇಳಿಸಿಬಿಡ್ಲಾ?"

ಟೀಚರ್ ಕನ್ನಡಕ ತೆಗೆದರು. "ಯಾರಿಗೆ ಹೆದರ್ತಿದೀಯಪ್ಪ?"

"ಹೆದರಿಕೆ ಅಂತಲ್ಲ ಟೀಚರ್, ಸ್ವಲ್ಪ..."

"ಮಡಕೆ ಅಕ್ಕಾ! ಬೇಗ ಬಾ ಇಲ್ಲಿ!" ಎಂದು ಟೀಚರ್ ಕೂಗಿದರು.

ಮಡಕೆ ಅಕ್ಕ ಮಣ್ಣಿನ ಪಾತ್ರೆ ಮಾಡುವ ಕಲಾವಿದೆ. ಹುಟ್ಟಿದಾಗ ಮನೆಯವರು ಗಂಡೆಂದು ಬರೆಸಿದ್ದನ್ನು ಇಪ್ಪತ್ತರ ಹರೆಯದಲ್ಲಿ ತಾನೇ ತಿದ್ದಿಸಿಕೊಂಡು, ಅಂದಿನಿಂದ ಕಂಡವರ ಬದುಕನ್ನೆಲ್ಲ ತಿದ್ದುವ ಹೊಣೆ ಹೊತ್ತವಳು. ಬಂದವಳೇ ಮಣ್ಣಿನ ಕೈಯಲ್ಲಿ ಕುಂಚಣ್ಣನ ಎರಡೂ ಹೆಗಲು ಹಿಡಿದಳು.

"ತಮ್ಮಾ, ನಾವು ಬಚ್ಚಿಟ್ಕೊಂಡು ಬದುಕಿದ್ದು ಸಾಕು. ನಿನ್ನ ಚಿತ್ರದಲ್ಲಿ ಆ ಬಾಯಿ ಇದೆಯಲ್ಲ, ಅದು ಬರೀ ಬಾಯಲ್ಲ. ನಮ್ಮೆಲ್ಲರ ದನಿ!"

"ಅದು ಗೊರಕೆ ಅಕ್ಕ."

"ಗೊರಕೆನೂ ದನಿನೇ!"

ಹಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಷ್ಟಾದ ಮೇಲೆ ಹೊಟ್ಟೆಯ ಮೇಲಿನ ಬ್ರೆಡ್ಡಿನ ಮಾತೆತ್ತಲು ಕುಂಚಣ್ಣನಿಗೆ ಬಾಯಿ ಬರಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಟೀಚರ್ ಮೇಜಿನ ಮೇಲಿದ್ದ ಕೆಂಪು ಚುಕ್ಕೆಗಳ ಹಾಳೆ. ಕಳೆದ ವರ್ಷ ಮಾರಾಟವಾದ ಚಿತ್ರಗಳನ್ನು ಆಗಿಂದಾಗಲೇ ಗೋಡೆಯಿಂದ ಇಳಿಸಿ ಕಾಗದ ಸುತ್ತಿ ಕಟ್ಟಿಡುತ್ತಿದ್ದರು. ತನ್ನದನ್ನೂ ಹಾಗೇ ಕಟ್ಟಿಟ್ಟರೆ ಐದು ಗಂಟೆಗೆ ಡ್ರೈವರ್ ಬಂದು ಎಷ್ಟು ಹುಡುಕಿದರೇನು? ಕುಂಚಣ್ಣ ಅತ್ತಿತ್ತ ನೋಡಿ ಒಂದು ಚುಕ್ಕೆ ಕಿತ್ತ. ತನ್ನ ಚಿತ್ರದ ಪಕ್ಕ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದ. ತನ್ನ ಬುದ್ಧಿವಂತಿಕೆಗೆ ತಾನೇ ತಲೆದೂಗಿದ.

ಆದರೆ ಈ ವರ್ಷ ನಿಯಮ ಬದಲಾಗಿತ್ತು. ಅದನ್ನು ಟೀಚರ್ ಸಭೆಯಲ್ಲಿ ಎರಡು ಸಲ ಓದಿ ಹೇಳಿದ್ದರು. ಆ ಹೊತ್ತಿನಲ್ಲಿ ಕುಂಚಣ್ಣ ಅದೇ ನಿಯಮದ ಹಾಳೆಯ ಹಿಂದೆ ಟೀಚರ್ ಅವರ ಕಿವಿಯ ಚಿತ್ರ ಬರೆಯುವುದರಲ್ಲಿ ಮಗ್ನನಾಗಿದ್ದ.

ಟಣ್ ಟಣ್ ಟಣ್ ಎಂದು ಟೀಚರ್ ಮೇಜಿನ ಮೇಲಿನ ಗಂಟೆ ಬಾರಿಸಿದರು. "ಎಲ್ಲರೂ ಕೇಳಿ! ನಮ್ಮ ಕುಂಚಣ್ಣನ ಚಿತ್ರ ಮಾರಾಟವಾಗಿದೆ! ಮೇಳದ ಮೊದಲನೇ ಚುಕ್ಕೆ!" ಟೀಚರ್ ಚುಕ್ಕೆಯನ್ನು ಎಲ್ಲರಿಗೂ ಬೆರಳಿಟ್ಟು ತೋರಿಸಿದರು. "ಹೊಸ ನಿಯಮದ ಪ್ರಕಾರ ಈ ಚಿತ್ರ ಭಾನುವಾರ ಸಂಜೆವರೆಗೂ ಇಲ್ಲೇ ಇರುತ್ತೆ. ಮೂಲೆಯಲ್ಲಲ್ಲ, ಬಾಗಿಲಿಗೆ ಎದುರಾಗಿ, ದೊಡ್ಡ ಲೈಟಿನ ಕೆಳಗೆ!"

ಐದೇ ನಿಮಿಷದಲ್ಲಿ ಡ್ರೈವರ್‌ನ ಬಾಯಿ ಬಾಗಿಲಿಗೆ ಎದುರಾಗಿ ಬಂತು. ಲೈಟು ಹಾಕಿದ ಮೇಲೆ ಕಿರುನಾಲಿಗೆಯೂ ಕಾಣುತ್ತಿತ್ತು.

"ತಗೊಂಡವರು ಯಾರೋ?" ಎಂದಳು ಮಡಕೆ ಅಕ್ಕ.

"ಹೆಸರು ಹೇಳ್ಬಾರ್ದು ಅಂದಿದಾರೆ ಅಕ್ಕ."

"ನನ್ನ ಹತ್ರನೂ?"

"ಯಾರೋ... ದೊಡ್ಡವರು."

ಆ ಮಾತು ಅವನ ಬಾಯಿಂದ ಜಾರಿದ್ದೇ ತಡ, ಕೈಗೆ ಸಿಗದೆ ಓಡಿತು. ಮಧ್ಯಾಹ್ನದ ಹೊತ್ತಿಗೆ ದೊಡ್ಡವರು ಮ್ಯೂಸಿಯಂ ಒಂದರ ನಿರ್ದೇಶಕರಾದರು. ಎರಡು ಗಂಟೆಗೆ ಮ್ಯೂಸಿಯಂ ವಿದೇಶದ್ದಾಯಿತು. ಬೀದಿಯಲ್ಲಿ ಹೋಗುತ್ತಿದ್ದವರೂ ಒಳಗೆ ಬಂದು, ಚಿತ್ರದ ಪಕ್ಕದಲ್ಲಿ ಬಾಯಿ ಅಗಲಿಸಿ ಸೆಲ್ಫಿ ತೆಗೆದುಕೊಂಡು ಹೋದರು.

ಪ್ರೊಫೆಸರ್ ಕೂಡ ಬಂದು ಕೈಕುಲುಕಿದ. ಅವನು ನಿಜಕ್ಕೂ ಪ್ರೊಫೆಸರನಲ್ಲ, ಮಾತಾಡುವ ರೀತಿಗೆ ಬಳಗದವರು ಇಟ್ಟ ಹೆಸರು. ಅವನ ಚಿತ್ರ ಹನ್ನೆರಡು ಅಡಿ ಅಗಲ, ಇಡೀ ಬೂದು ಬಣ್ಣ, ನಡುವೆ ಒಂದು ಕಂದು ಗೆರೆ, ಹೆಸರು 'ಮೌನದ ಬೆನ್ನು'. ಹಾಲಿನ ಗೋಡೆಯಲ್ಲಿ ಜಾಗ ಸಾಲದೆ ಅದನ್ನು ಹೊರಗಿನ ಮೊಗಸಾಲೆಯಲ್ಲೇ ಒರಗಿಸಿದ್ದರು. ಬಂದವರು ಅದನ್ನು ಅಡ್ಡತಡಿಕೆ ಎಂದು ತಿಳಿದು ಅದರ ಹಿಂದೆ ಚಪ್ಪಲಿ ಬಿಡುತ್ತಿದ್ದರು.

"ನಾನೂ ಇನ್ಮೇಲೆ ಗೊರಕೇನೇ ಬರೀಬೇಕು," ಎಂದ ಪ್ರೊಫೆಸರ್, ಕೈಯನ್ನು ಬೇಕಾದ್ದಕ್ಕಿಂತ ಜೋರಾಗಿ ಹಿಂಡುತ್ತ.

ಮೂರು ಗಂಟೆಗೆ ಜನ ಸ್ವಲ್ಪ ಕಡಿಮೆಯಾದಾಗ ಕುಂಚಣ್ಣ ಮೆಲ್ಲನೆ ಹೋಗಿ ಚುಕ್ಕೆಯನ್ನು ಉಗುರಿನಿಂದ ಕೆರೆಯತೊಡಗಿದ. ಮಾರಾಟ ರದ್ದಾಯಿತೆಂದರೆ ಚಿತ್ರ ಮತ್ತೆ ಮೂಲೆ ಸೇರಬಹುದು, ಆ ಮೂಲೆಯ ಬಲ್ಬು ತಾನಾಗಿಯೇ ಕೆಡಲೂಬಹುದು. ಚುಕ್ಕೆ ಅರ್ಧ ಕಿತ್ತು ಬರುವಷ್ಟರಲ್ಲಿ ಹಿಂದಿನಿಂದ ದನಿ ಕೇಳಿತು.

"ಕಳ್ಳ! ಕಳ್ಳ! ಅಯ್ಯೋ, ನೀನಾ?" ಮಡಕೆ ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಪಾಪ, ನಂಬೋಕೇ ಆಗ್ತಿಲ್ಲ ಅಲ್ವಾ? ನಿಜಾನಾ ಅಂತ ಮುಟ್ಟಿ ಮುಟ್ಟಿ ನೋಡ್ತಿದೀಯ!" ಹೊಸ ಚುಕ್ಕೆ ತಂದು ತಾನೇ ಅಂಟಿಸಿದಳು. ಅಷ್ಟಕ್ಕೇ ಬಿಡದೆ, ಒಂದು ಸ್ಟೂಲು ಹಾಕಿಕೊಂಡು ಚಿತ್ರದ ಕಾವಲಿಗೆ ಕೂತಳು.

ಐದು ಗಂಟೆಗೆ ಸರಿಯಾಗಿ ಡ್ರೈವರ್ ಬಂದ. ಹೊಸ ಅಂಗಿ, ಗೆರೆ ಕೊರೆದಂತೆ ಬಾಚಿದ ಕ್ರಾಪು. ಕುಂಚಣ್ಣ ಅಕ್ಕನ ಮಡಕೆಗಳ ಹಿಂದೆ ಕುಕ್ಕರಗಾಲಲ್ಲಿ ಕೂತು ಸಂದಿಯಿಂದ ನೋಡಿದ. ಡ್ರೈವರ್ ಚಿತ್ರದ ಮುಂದೆ ನಿಂತ. ನಿಂತೇ ನಿಂತ. ಕೊನೆಗೆ ತಡೆಯಲಾರದೆ ಕುಂಚಣ್ಣನೇ ಎದ್ದು ಬಂದ.

"ಕೋಪ ಬಂತಾ?"

"ಕೋಪ ಯಾಕೋ?"

"ಅದೇ... ಬಾಯಿ... ಬ್ರೆಡ್ಡು..."

"ಎರಡು ತಿಂಗಳಿಂದ ದಿನಾ ನೋಡ್ತಿದೀನಿ ಇದನ್ನ," ಎಂದ ಡ್ರೈವರ್. "ಬೀರು ಹಿಂದೆ ಬಚ್ಚಿಟ್ರೆ ನಂಗೆ ಕಾಣಲ್ವಾ? ಮೊದಲನೇ ದಿನ ಕೋಪ ಬಂದಿದ್ದು ನಿಜ. ಆಮೇಲೆ ಯೋಚನೆ ಮಾಡ್ದೆ. ಹೀಗೆ ಬಾಯಿ ಬಿಟ್ಕೊಂಡು ಬಿದ್ದಿರೋನನ್ನ ಒಬ್ಬ ಅಷ್ಟು ದಿನ ಕೂತು ನೋಡಿದಾನೆ ಅಂದ್ರೆ..." ಅವನು ಬಾಚಿದ ಕ್ರಾಪನ್ನು ಇನ್ನೊಮ್ಮೆ ನೇವರಿಸಿಕೊಂಡ. "ನನ್ನನ್ನ ಅಷ್ಟು ಹೊತ್ತು ಯಾರೂ ನೋಡಿಲ್ಲ ಕಣೋ."

ಕುಂಚಣ್ಣನ ಕಣ್ಣು ತುಂಬಿತು. ಆರು ವರ್ಷದಲ್ಲಿ ಇಂಥ ಮಾತು ಅವನು ಕೇಳಿರಲಿಲ್ಲ.

"ಇದನ್ನ ನಾನೇ ತಗೊಳ್ಳೋಣ ಅಂತ ರಜೆ ಹಾಕಿದ್ದು. ನಿನ್ನ ಮೊದಲನೇ ಚುಕ್ಕೆ ನಂದೇ ಆಗ್ಲಿ ಅಂತ ಆಸೆ. ಹನ್ನೊಂದಕ್ಕೆ ಟೀಚರ್‌ಗೆ ಫೋನ್ ಮಾಡಿದ್ರೆ, ಅರ್ಧ ಗಂಟೆ ಮುಂಚೆ ಹೋಯ್ತಪ್ಪಾ ಅಂದ್ರು."

ಕುಂಚಣ್ಣ ಕುಣಿದಾಡುವುದೊಂದು ಬಾಕಿ. "ಹೋಗಿಲ್ಲ! ಯಾರೂ ತಗೊಂಡಿಲ್ಲ! ಆ ಚುಕ್ಕೆ ನಾನೇ ಅಂಟಿಸಿದ್ದು!" ಎಂದು ಇಡೀ ಹಾಲಿಗೆ ಕೇಳುವಂತೆ ಕೂಗಿದ.

ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು. "ನೋಡಿದ್ರಾ? ಸಂಗಾತಿಗೋಸ್ಕರ ಮ್ಯೂಸಿಯಂನೇ ಬಿಟ್ಟುಕೊಡೋಕೆ ತಯಾರು!"

"ಪ್ರೀತಿ ಅಂದ್ರೆ ಇದು," ಎಂದಳು ಮಡಕೆ ಅಕ್ಕ ಸ್ಟೂಲಿನಿಂದ.

"ಅಯ್ಯೋ, ಸತ್ಯವಾಗ್ಲೂ ನಾನೇ..."

"ಬೇಡ ಕಣೋ," ಎಂದು ಡ್ರೈವರ್ ಅವನ ಬೆನ್ನು ತಟ್ಟಿದ. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ. ತನ್ನ ಚಿತ್ರಕ್ಕೆ ತಾನೇ ಯಾರಾದ್ರೂ ಚುಕ್ಕೆ ಅಂಟಿಸ್ಕೊಳ್ತಾರಾ? ಯಾಕೆ ಅಂಟಿಸ್ಕೊಂಡೆ, ಹೇಳು ನೋಡೋಣ?"

ಕುಂಚಣ್ಣ ಬಾಯಿ ತೆರೆದ. ನೀನು ಇದನ್ನು ನೋಡಬಾರದೆಂದು, ನೋಡಿದರೆ ಮುನಿಸಿಕೊಳ್ಳುವಷ್ಟು ಸಣ್ಣ ಮನಸ್ಸಿನವನೆಂದುಕೊಂಡು, ಎನ್ನಬೇಕಿತ್ತು. ಎದುರಿಗೆ ಡ್ರೈವರ್‌ನ ಒದ್ದೆ ಕಣ್ಣು ಹೊಳೆಯುತ್ತಿತ್ತು.

"ಸುಮ್ನೆ ಅಂದೆ," ಎಂದ.

"ನಂಗೆ ಗೊತ್ತಿತ್ತು. ಅದಿರ್ಲಿ, ನಿನ್ನ ಖುಷಿಗೆ ಅಂತ ನಾನೂ ಒಂದು ಕೆಲ್ಸ ಮಾಡಿದೀನಿ. ಸೋಫಾ ಮೇಲಿನ ಗೋಡೆಗೆ ಬೆಳಿಗ್ಗೆನೇ ಮೊಳೆ ಹೊಡೆದಾಗಿದೆ, ಖಾಲಿ ಬಿಡೋಕಾಗುತ್ತಾ? ಬರ್ತಾ ಹೊರಗಡೆ ಒಂದು ನೋಡ್ದೆ, ತಗೊಂಡೇ ಬಿಟ್ಟೆ. ಅದು ಹಾಲಿನ ಒಳಗಿಲ್ವಲ್ಲ, ನಿಯಮ ಇಲ್ಲ, ಈಗ್ಲೇ ತಗೊಂಡು ಹೋಗ್ಬಹುದಂತೆ."

ಬಾಗಿಲಾಚೆ ಮೊಗಸಾಲೆಯಲ್ಲಿ ಪ್ರೊಫೆಸರ್ ಮುಖ ಊರಗಲ ಮಾಡಿಕೊಂಡು, 'ಮೌನದ ಬೆನ್ನಿ'ನ ಹಿಂದಿನ ಚಪ್ಪಲಿಗಳನ್ನು ಕಾಲಿನಿಂದ ಸರಿಸುತ್ತಿದ್ದ.

"ಹನ್ನೆರಡು ಅಡಿ," ಎಂದ ಡ್ರೈವರ್ ಹೆಮ್ಮೆಯಿಂದ. "ನಿನ್ನ ಬಣ್ಣದ ಕಪಾಟು, ಮೇಜು ಎರಡೂ ತೆಗೆದ್ರೆ ಸರಿಹೋಗುತ್ತೆ. ಡಿಪೋದಿಂದ ನಾಲ್ಕು ಜನಕ್ಕೆ ಹೇಳಿದೀನಿ ಹೊರೋಕೆ. ಇಷ್ಟ ಆಗ್ಲಿಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ನಂಗೇನೂ ಬೇಜಾರಿಲ್ಲ."

ಟೀಚರ್, ಮಡಕೆ ಅಕ್ಕ, ಪ್ರೊಫೆಸರ್, ಸೆಲ್ಫಿಗೆ ಬಂದವರು, ಎಲ್ಲರೂ ಕುಂಚಣ್ಣನ ಮುಖವನ್ನೇ ನೋಡಿದರು.

"ತುಂಬಾ ಚೆನ್ನಾಗಿದೆ," ಎಂದ ಕುಂಚಣ್ಣ.

ಈ ಮಾತನ್ನು ಮಾತ್ರ ಎಲ್ಲರೂ ತಕ್ಷಣ ನಂಬಿದರು.